ಮಂಗನ ಕಾಯಿಲೆ: ಒಂದೇ ರಕ್ತ, ಒಂದು ಟೆಸ್ಟ್ ನೆಗೆಟಿವ್, ಇನ್ನೊಂದು ಪಾಸಿಟಿವ್. ಹೇಗೆ? ಮತ್ತೆ ಲಸಿಕೆ ಎಲ್ಲಿಗೆ ಹೋಯಿತು?

ಸೊಪ್ಪಿನಬೆಟ್ಟ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕು, ಕಾಡಂಚಿನ ಊರು. ಈ ಬೇಸಿಗೆಯಲ್ಲಿ ನಮ್ಮ ಚಿಕ್ಕಪ್ಪನಿಗೆ ಕೆಎಫ್‌ಡಿ, ಅಂದರೆ ಮಂಗನ ಕಾಯಿಲೆ ಬಂತು. ಈಗ ಮನೆಗೆ ಬಂದಿದ್ದಾರೆ, ಆದರೆ ಸುಸ್ತು ಪೂರ್ತಿ ಹೋಗಿಲ್ಲ.

ನನಗೆ ತಲೆಗೆ ಹತ್ತದೇ ಇರುವುದು ಇದು. ಮೊದಲು ಜ್ವರ ಬಂದಾಗ ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಡೆಂಗಿ ಟೆಸ್ಟ್ ಮಾಡಿದರು, ನೆಗೆಟಿವ್ ಬಂತು. ಪ್ಲೇಟ್ಲೆಟ್ ಕಡಿಮೆ ಇದೆ, ರೆಸ್ಟ್ ಮಾಡಿ ಅಂತ ಮಾತ್ರೆ ಕೊಟ್ಟು ಕಳಿಸಿದರು. ಜ್ವರ ಇಳಿಯಿತು. ಚಿಕ್ಕಪ್ಪ ತೋಟಕ್ಕೂ ಹೋಗಲು ಶುರು ಮಾಡಿದರು. ಒಂದು ವಾರ ಕಳೆದ ಮೇಲೆ ಮತ್ತೆ ಜ್ವರ. ಈ ಸಲ ವಿಪರೀತ ತಲೆನೋವು, ಕೈ ನಡುಕ, ಕುತ್ತಿಗೆ ಬಗ್ಗಿಸಲು ಆಗುತ್ತಿರಲಿಲ್ಲ, ಲೋಟ ಹಿಡಿದರೆ ನೀರು ಚೆಲ್ಲುತ್ತಿತ್ತು. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ಟೆಸ್ಟಿಗೆ ಹೋಯಿತು. ಪಿಸಿಆರ್ ನೆಗೆಟಿವ್ ಅಂದರು. ಅಬ್ಬಾ, ಮಂಗನ ಕಾಯಿಲೆ ಅಲ್ಲ ಅಂದುಕೊಳ್ಳುವಷ್ಟರಲ್ಲಿ ಅದೇ ರಕ್ತದಲ್ಲಿ ಎಲಿಸಾ ಪಾಸಿಟಿವ್ ಬಂತು. ಒಂದೇ ಸೂಜಿಯಲ್ಲಿ ತೆಗೆದ ರಕ್ತಕ್ಕೆ ಎರಡು ಉತ್ತರ ಹೇಗೆ ಬರುತ್ತದೆ?

ಇನ್ನೊಂದು ಪ್ರಶ್ನೆ. ನಾನು ಸ್ಕೂಲಿಗೆ ಹೋಗುವಾಗ ಊರಲ್ಲಿ ಇದಕ್ಕೆ ಇಂಜೆಕ್ಷನ್ ಕೊಡುತ್ತಿದ್ದರು. ಈಗ ಕೇಳಿದರೆ ಇಲ್ಲ ಅನ್ನುತ್ತಾರೆ. ಯಾಕೆ?

ಎಲಿಸಾ_ಹುಡುಗಿ

ಚಿಕ್ಕಪ್ಪ ಹುಷಾರಾಗುತ್ತಿರುವುದು ಕೇಳಿ ಸಮಾಧಾನ ಆಯಿತು. ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು, ಮೊದಲ ಪ್ರಶ್ನೆಗೆ ಉತ್ತರ ಹೇಳುತ್ತೇನೆ.

ಎರಡೂ ಟೆಸ್ಟ್ ಸರಿಯಾಗೇ ಇದೆ. ಅವು ಹುಡುಕುವುದೇ ಬೇರೆ ಬೇರೆ. ಪಿಸಿಆರ್ ಹುಡುಕುವುದು ವೈರಸ್ಸಿನ ಆರ್‌ಎನ್‌ಎಯನ್ನು. ಎಲಿಸಾ ಹುಡುಕುವುದು ವೈರಸ್ ವಿರುದ್ಧ ನಮ್ಮ ಮೈ ತಯಾರು ಮಾಡಿದ ಐಜಿಎಂ ಆಂಟಿಬಾಡಿಯನ್ನು. ಈ ವೈರಸ್ ಹರಡುವ ಉಣುಗು (ರಕ್ತ ಹೀರುವ ಸಣ್ಣ ಹುಳ) ಕಚ್ಚಿ 3ರಿಂದ 8 ದಿನದಲ್ಲಿ ಜ್ವರ ಶುರುವಾಗುತ್ತದೆ. ಆ ಹೊತ್ತಿಗೆ ರಕ್ತದಲ್ಲಿ ವೈರಸ್ ತುಂಬಾ ಇರುತ್ತದೆ, ಆಂಟಿಬಾಡಿ ಇನ್ನೂ ಇರುವುದಿಲ್ಲ. ಹಾಗಾಗಿ ಮೊದಲ ದಿನಗಳಲ್ಲಿ ಪಿಸಿಆರ್ ಪಾಸಿಟಿವ್, ಎಲಿಸಾ ನೆಗೆಟಿವ್. ಜ್ವರ ಶುರುವಾಗಿ ನಾಲ್ಕೈದು ದಿನ ಆದಮೇಲೆ ಐಜಿಎಂ ಕಾಣಿಸಿಕೊಳ್ಳಲು ಶುರುವಾಗುತ್ತದೆ. ಆಮೇಲೆ ವೈರಸ್ ರಕ್ತದಿಂದ ಕಡಿಮೆಯಾಗುತ್ತಾ ಹೋಗುತ್ತದೆ, ಆಂಟಿಬಾಡಿ ಏರುತ್ತಾ ಹೋಗುತ್ತದೆ. ನಿಮ್ಮ ಚಿಕ್ಕಪ್ಪ ದೊಡ್ಡಾಸ್ಪತ್ರೆಗೆ ಬಂದಿದ್ದು ಎರಡನೇ ಜ್ವರದಲ್ಲಿ. ಅಷ್ಟು ಹೊತ್ತಿಗೆ ರಕ್ತದಲ್ಲಿ ವೈರಸ್ ಮುಗಿದಿರುತ್ತದೆ. ಪಿಸಿಆರ್‌ಗೆ ಏನೂ ಸಿಗುವುದಿಲ್ಲ, ಎಲಿಸಾಕ್ಕೆ ಸಿಗುತ್ತದೆ.

ಅದಕ್ಕೇ ರಕ್ತದ ಜೊತೆ ಹೋಗುವ ಫಾರ್ಮಿನಲ್ಲಿ "ಜ್ವರ ಶುರುವಾದ ದಿನಾಂಕ" ಅಂತ ಒಂದು ಕಾಲಂ ಇರುತ್ತದೆ. ತುಂಬಾ ಸಲ ಅದು ಖಾಲಿ ಬರುತ್ತದೆ, ಇಲ್ಲವೇ ಆಸ್ಪತ್ರೆಗೆ ಬಂದ ದಿನವನ್ನೇ ಬರೆದಿರುತ್ತಾರೆ. ಆ ಒಂದು ದಿನಾಂಕ ಇಲ್ಲದಿದ್ದರೆ ಪಿಸಿಆರ್ ನೆಗೆಟಿವ್ ಅನ್ನುವ ಮಾತಿಗೆ ಅರ್ಥವೇ ಇರುವುದಿಲ್ಲ. ದಯವಿಟ್ಟು ಜ್ವರ ಯಾವತ್ತು ಶುರುವಾಯಿತು ಅಂತ ಬರೆದಿಟ್ಟುಕೊಳ್ಳಿ, ಕೇಳದಿದ್ದರೂ ಹೇಳಿ.

ಬೆಂಗ್ಳೂರು_ಬಿಸಿಲು

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಹೆಸರೇ ಮಂಗನ ಕಾಯಿಲೆ ಅಂತಿದೆ, ಆದರೆ ಉಣುಗು ಕಚ್ಚಿದ್ದರಿಂದ ಅನ್ನುತ್ತಿದ್ದೀರಿ. ಮಂಗ ಕಚ್ಚಿದರೆ ಬರುತ್ತದಾ? ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಬರುತ್ತದಾ?

ಉಣುಗಿನ_ಹಿಂದೆ

ಒಬ್ಬರಿಂದ ಒಬ್ಬರಿಗೆ ಬರುವುದಿಲ್ಲ. ರೋಗಿಯನ್ನು ನೋಡಿಕೊಳ್ಳಲು ಯಾರೂ ಹೆದರುವ ಅಗತ್ಯ ಇಲ್ಲ, ತಟ್ಟೆ ಲೋಟ ಬೇರೆ ಇಡುವುದೂ ಬೇಡ.

ನಾನು ಉಣುಗಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಮಂಗ ಇಲ್ಲಿ ಅಪರಾಧಿ ಅಲ್ಲ, ನಮ್ಮ ಹಾಗೇ ಬಲಿ. ಮಲೆನಾಡಿನಲ್ಲಿ ಮುಖ್ಯವಾಗಿ ಹರಡುವುದು ಹಿಮಾಫೈಸಾಲಿಸ್ ಸ್ಪಿನಿಜೆರಾ ಅನ್ನುವ ಉಣುಗು. ಅದಕ್ಕೆ ಬದುಕಿನಲ್ಲಿ ಮೂರು ಹಂತ: ಮರಿ, ಎಳೆಯ ಉಣುಗು (ಇದನ್ನು ನಿಂಫ್ ಅನ್ನುತ್ತೇವೆ), ದೊಡ್ಡದು. ಒಂದೊಂದು ಹಂತದಲ್ಲಿ ಒಂದು ಸಲ ರಕ್ತ ಕುಡಿಯುತ್ತದೆ, ಉದುರುತ್ತದೆ, ಮುಂದಿನ ಹಂತಕ್ಕೆ ಹೋಗುತ್ತದೆ. ಮರಿ ಮತ್ತು ನಿಂಫ್ ಇಲಿ, ಅಳಿಲು, ಹಕ್ಕಿ, ಮಂಗ ಯಾವುದು ಸಿಕ್ಕಿದರೂ ಹತ್ತುತ್ತವೆ. ಮನುಷ್ಯರಿಗೆ ಕಚ್ಚುವುದು ಹೆಚ್ಚಾಗಿ ನಿಂಫ್. ಬಿಳಿ ಬಟ್ಟೆಯನ್ನು ತರಗೆಲೆ ಮೇಲೆ ಎಳೆದು ನಾವು ಉಣುಗು ಹಿಡಿಯುತ್ತೇವೆ. ಎಳೆದ ಬಟ್ಟೆ ಮಗುಚಿ ನೋಡಿದರೆ ಎಳ್ಳು ಕಾಳಿಗಿಂತಲೂ ಸಣ್ಣ ಕಂದು ಚುಕ್ಕೆಗಳು, ಕಸ ಅಂತಲೇ ಅನ್ನಿಸುತ್ತದೆ. ಸ್ವಲ್ಪ ಹೊತ್ತು ಉಸಿರು ಬಿಟ್ಟರೆ ಚುಕ್ಕೆಗಳೆಲ್ಲ ನಡೆಯಲು ಶುರು ಮಾಡುತ್ತವೆ. ನಮ್ಮ ಉಸಿರು, ಮೈ ಬಿಸಿ ಅವಕ್ಕೆ ಗೊತ್ತಾಗುತ್ತದೆ. ಇಷ್ಟು ಸಣ್ಣದು ಕಾಲಿಗೆ ಹತ್ತಿದರೆ ಗೊತ್ತೇ ಆಗುವುದಿಲ್ಲ. ಅದಕ್ಕೆ "ನನಗೆ ಉಣುಗು ಕಚ್ಚಿಲ್ಲ" ಅಂದವರಿಗೂ ಕಾಯಿಲೆ ಬಂದಿರುತ್ತದೆ.

ಇನ್ನು ಮಂಗ. ಕರಿಮುಖದ ಮುಸುವ, ಕೆಂಪುಮುಖದ ಮಂಗ, ಎರಡಕ್ಕೂ ಈ ವೈರಸ್ ತಗುಲಿದರೆ ಹೆಚ್ಚಾಗಿ ಸಾಯುತ್ತವೆ. ಸತ್ತ ಮಂಗದ ಮೈ ತಣ್ಣಗಾಗುತ್ತಿದ್ದ ಹಾಗೆ ಅದರ ಮೇಲಿದ್ದ ಉಣುಗುಗಳೆಲ್ಲ ಇಳಿದು ಸುತ್ತಲಿನ ನೆಲಕ್ಕೆ ಸೇರುತ್ತವೆ. ಆ ಜಾಗ ಅಪಾಯ. ಮಂಗ ಸತ್ತ ಸುದ್ದಿ ಬಂದರೆ 50 ಮೀಟರ್ ಸುತ್ತ ಮೆಲಾಥಿಯಾನ್ ಪುಡಿ ಹಾಕುವುದು ಇದಕ್ಕೇ.

ತೀರ್ಥಹಳ್ಳಿ_ತೋಟ

ಎಲ್ಲ ಸರಿ ತಂಗಿ, ಆದರೆ ನಮ್ಮ ಕೆಲಸ ಇರುವುದೇ ತರಗೆಲೆಯಲ್ಲಿ. ಅಡಿಕೆ ತೋಟಕ್ಕೆ ಗೊಬ್ಬರ ಬೇಕು, ಕೊಟ್ಟಿಗೆಗೆ ಹಾಸಬೇಕು, ಸೌದೆ ಬೇಕು. ಇದೆಲ್ಲ ಮಾಡುವುದೂ ಮಳೆ ನಿಂತು ಎಲೆ ಒಣಗಿದ ಮೇಲೆ, ಜನವರಿಯಿಂದ ಮೇ ತನಕ. ಕಾಡಿಗೆ ಹೋಗಬೇಡಿ ಅಂತ ಬೋರ್ಡ್ ಹಾಕುತ್ತಾರೆ. ಹೋಗದೇ ಬದುಕುವುದು ಹೇಗೆ ಅಂತ ಯಾರೂ ಹೇಳುವುದಿಲ್ಲ.

ಉಣುಗಿನ_ಹಿಂದೆ

ನೂರಕ್ಕೆ ನೂರು ನಿಜ ಅಣ್ಣ. ನಿಂಫ್ ಜಾಸ್ತಿ ಇರುವ ತಿಂಗಳೂ ಅದೇ, ನಿಮ್ಮ ಕೆಲಸದ ತಿಂಗಳೂ ಅದೇ. ಈಚಿನ ಸಂಶೋಧನೆಗಳು ಹೇಳುವುದೂ ಅದನ್ನೇ. ಅಪಾಯ ದಟ್ಟ ಕಾಡಿನ ನಡುವೆ ಮಾತ್ರ ಇಲ್ಲ. ಕಾಡು, ತೋಟ, ಗದ್ದೆ, ಊರು ಒಂದಕ್ಕೊಂದು ಸೇರಿಕೊಂಡಿರುವ ಕಡೆ ಜಾಸ್ತಿ. ಕಾಡು ತುಂಡಾದಷ್ಟೂ ಅಂಚು ಜಾಸ್ತಿಯಾಗುತ್ತದೆ, ಜನ, ದನ, ಮಂಗ, ಉಣುಗು ಎಲ್ಲ ಸೇರುವುದು ಆ ಅಂಚಿನಲ್ಲೇ. 1982-83ರಲ್ಲಿ ಬೆಳ್ತಂಗಡಿ ಕಡೆ ಗೇರು ತೋಟಕ್ಕೆ ಅಂತ ಕಾಡು ಕಡಿದ ಮೇಲೆ ಸಾವಿರಕ್ಕೂ ಹೆಚ್ಚು ಜನಕ್ಕೆ ಬಂದಿತ್ತು, ನೂರಕ್ಕೂ ಹೆಚ್ಚು ಜನ ಸತ್ತರು. ಕಾಡು ಕಡಿದರೆ ಕಾಯಿಲೆ ಹೋಗುತ್ತದೆ ಅನ್ನುವವರಿಗೆ ನಾನು ಯಾವಾಗಲೂ ಹೇಳುವುದು ಇದೇ ಉದಾಹರಣೆ.

ದನದ_ಡಾಕ್ಟ್ರು

ದನದ ವಿಷಯ ಬಂದಿದ್ದಕ್ಕೆ ಒಂದು ಮಾತು. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ಹಾಲಿನಿಂದ ಬರುತ್ತದೆ ಅನ್ನುವ ಭಯ ಬೇಡ. ಆದರೆ ದೊಡ್ಡ ಉಣುಗು ಹೊಟ್ಟೆ ತುಂಬಾ ರಕ್ತ ಕುಡಿಯುವುದು ದನದ ಮೈಮೇಲೆ. ಕುಡಿದ ಹೆಣ್ಣು ಉಣುಗು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಕಾಡಿಗೆ ಮೇಯಲು ಬಿಡುವ ದನಕ್ಕೆ ಉಣುಗಿನ ಔಷಧಿ ಹಾಕಿಸಿದರೆ ನಿಮ್ಮ ಅಂಗಳಕ್ಕೆ ಬರುವ ಉಣುಗು ಕಡಿಮೆ ಆಗುತ್ತದೆ. ಕಿವಿ ಒಳಗೆ, ಕೆಚ್ಚಲ ಸಂದಿ, ಬಾಲದ ಬುಡ, ಈ ಮೂರು ಕಡೆ ಕೈಯಾಡಿಸಿ ನೋಡಿ. ಕಿತ್ತ ಉಣುಗನ್ನು ಅಲ್ಲೇ ಎಸೆಯಬೇಡಿ, ಸುಟ್ಟು ಹಾಕಿ.

ಪುಣೆಯಲ್ಲಿರುವವ

ಎರಡನೇ ಪ್ರಶ್ನೆಗೆ, ಅಂದರೆ ಲಸಿಕೆಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ಈ ಕಥೆ ನಮ್ಮ ಜನಕ್ಕೆ ಯಾರೂ ನೆಟ್ಟಗೆ ಹೇಳಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಜೊತೆಗೆ ಜನಕ್ಕೂ ಜ್ವರ. ಮಂಗ ಸಾಯುತ್ತಿವೆ ಅಂದ ಕೂಡಲೇ ವಿಜ್ಞಾನಿಗಳಿಗೆ ಬಂದ ಭಯ ಹಳದಿ ಜ್ವರದ್ದು. ಆಫ್ರಿಕಾ, ದಕ್ಷಿಣ ಅಮೆರಿಕದ ಆ ಕಾಯಿಲೆ ಏಷ್ಯಾಕ್ಕೂ ಬಂತಾ ಅಂತ. ಪುಣೆಯ ವೈರಸ್ ರಿಸರ್ಚ್ ಸೆಂಟರ್ (ಈಗಿನ ಎನ್‌ಐವಿ, ಅಂದರೆ ರಾಷ್ಟ್ರೀಯ ವೈರಾಣು ಸಂಸ್ಥೆ) ತಂಡ ಹೋಗಿ ನೋಡಿದಾಗ ಅದು ಹಳದಿ ಜ್ವರ ಅಲ್ಲ, ಹೊಸದೇ ವೈರಸ್. ರಷ್ಯಾ ಕಡೆಯ ಉಣುಗಿನ ಮೆದುಳು ಜ್ವರದ ವೈರಸ್ಸಿಗೆ ಸಂಬಂಧಿ. ಸಂಬಂಧಿ ಅಲ್ವಾ ಅಂತ ರಷ್ಯಾದ ಆ ಲಸಿಕೆಯನ್ನೇ ಮೊದಲು ಇಲ್ಲಿ ಕೊಟ್ಟು ನೋಡಿದರು. ಕೆಲಸ ಮಾಡಲಿಲ್ಲ.

ಆಮೇಲೆ ನಮ್ಮದೇ ವೈರಸ್ಸನ್ನು ಕೋಳಿ ಭ್ರೂಣದ ಜೀವಕೋಶದಲ್ಲಿ ಬೆಳೆಸಿ, ಫಾರ್ಮಲಿನ್ ಹಾಕಿ ಸಾಯಿಸಿ ಲಸಿಕೆ ಮಾಡಿದರು. ನೀವು ಸ್ಕೂಲಿನಲ್ಲಿ ತಗೊಂಡಿದ್ದು ಅದೇ. 1990ರ ದಶಕದ ಶುರುವಿನಲ್ಲಿ ನಡೆದ ಪ್ರಯೋಗದಲ್ಲಿ ಎರಡು ಡೋಸ್ ತಗೊಂಡವರಿಗೆ ಸುಮಾರು 94 ಶೇಕಡಾ ರಕ್ಷಣೆ ಸಿಕ್ಕಿತು ಅಂತ ವರದಿ ಆಯಿತು. 2005ರಿಂದ 2010ರ ಲೆಕ್ಕ ತೆಗೆದು ನೋಡಿದಾಗ ಎರಡು ಡೋಸಿಗೆ ಸಿಕ್ಕಿದ್ದು 62.4 ಶೇಕಡಾ, ಬೂಸ್ಟರ್ ಕೂಡ ತಗೊಂಡವರಿಗೆ 82.9. ಎಷ್ಟು ಇಳಿದಿದೆ ನೋಡಿ. ಅದೂ ಪೂರ್ತಿ ಕೋರ್ಸ್ ಅಂದರೆ ಏನು? ತಿಂಗಳ ಅಂತರದಲ್ಲಿ ಎರಡು, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ. ಯಾರು ತಾನೇ ಅಷ್ಟು ಸಲ ಬರುತ್ತಾರೆ?

ಕೊನೆಗೆ 2022ರಲ್ಲಿ, ಪರಿಣಾಮ ಸಾಲದು ಅಂತ ಈ ಲಸಿಕೆ ನಿಲ್ಲಿಸಿದರು. ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಸರಿಯಾಗಿ ಕೆಲಸ ಮಾಡದ ಲಸಿಕೆ ಕೊಟ್ಟು ಜನ ಧೈರ್ಯವಾಗಿ ಕಾಡಿಗೆ ಹೋಗುವ ಹಾಗೆ ಮಾಡುವುದು ಇನ್ನೂ ಕೆಟ್ಟದ್ದು. ಆದರೆ ಇಳಿಕೆ ಕಂಡಿದ್ದು 2010ರ ಹೊತ್ತಿಗೇ. ಆಗಲೇ ಹೊಸ ಲಸಿಕೆ ಕೆಲಸ ಜೋರಾಗಿ ಶುರುವಾಗಿದ್ದರೆ ಇವತ್ತು ಊರುಗಳು ಬರಿಗೈಯಲ್ಲಿ ಕೂರಬೇಕಾಗಿರಲಿಲ್ಲ. ಇದರ ಬಗ್ಗೆ ನನಗೆ ನಿಜವಾಗಲೂ ಸಂಕಟ ಇದೆ. ವರ್ಷಕ್ಕೆ ನಾಲ್ಕೈದು ನೂರು ಜನಕ್ಕೆ ಬರುವ ಕಾಯಿಲೆ, ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಅದೂ ಕಾಡಂಚಿನ ಕೂಲಿಯವರು, ರೈತರು. ದೊಡ್ಡ ಕಂಪನಿಗೆ ಲಾಭ ಕಾಣುವುದಿಲ್ಲ. ಅದಕ್ಕೇ ಸರ್ಕಾರ ಮುಂದೆ ನಿಂತು ಮಾಡಿಸಬೇಕಾದ ಕೆಲಸ ಇದು.

ಊರಿನ_ಆಶಾ

ಸರ್, ನೀವು ಬರೆದಿದ್ದು ಓದಿ ಹಳೆಯದೆಲ್ಲ ನೆನಪಾಯಿತು. ನಾನು ಆಶಾ ಕಾರ್ಯಕರ್ತೆ. ಲಸಿಕೆ ಇದ್ದಾಗ ಮನೆಮನೆಗೆ ಹೋಗಿ ಕರೆಯುತ್ತಿದ್ದವಳು. ಆ ಇಂಜೆಕ್ಷನ್ ವಿಪರೀತ ನೋವು. ತೋಳು ಊದಿಕೊಂಡು ಮರುದಿನ ಅಡಿಕೆ ಕೊನೆ ಕೊಯ್ಯಲು, ಸೌದೆ ಒಡೆಯಲು ಆಗುತ್ತಿರಲಿಲ್ಲ. ಒಂದು ದಿನದ ಕೂಲಿ ಹೋಯಿತು ಅಂದರೆ ಎರಡನೇ ಸಲ ಯಾಕೆ ಬರುತ್ತಾರೆ? ಮೀಟಿಂಗಿನಲ್ಲಿ "ಜನ ಸಹಕಾರ ಕೊಡುತ್ತಿಲ್ಲ" ಅಂತ ಬರೆದುಕೊಳ್ಳುತ್ತಿದ್ದರು. ಜನ ಯಾಕೆ ಬರುತ್ತಿಲ್ಲ ಅಂತ ಅವರನ್ನೇ ಕೂರಿಸಿಕೊಂಡು ಕೇಳಬೇಕಿತ್ತು. ಹೊಸ ಲಸಿಕೆ ಬಂದರೆ ಎಷ್ಟು ನೋವು, ಎಷ್ಟು ಡೋಸ್, ಎಷ್ಟು ರಕ್ಷಣೆ, ಮೂರನ್ನೂ ಮೊದಲೇ ಬಿಡಿಸಿ ಹೇಳಲಿ. ನಮ್ಮ ಜನ ಅರ್ಥ ಮಾಡಿಕೊಳ್ಳುತ್ತಾರೆ.

ತೀರ್ಥಹಳ್ಳಿ_ತೋಟ

ಅಕ್ಕ ಹೇಳಿದ್ದು ಸತ್ಯ. ನಮ್ಮಮ್ಮ ಒಂದು ಡೋಸ್ ತಗೊಂಡು ಮತ್ತೆ ಹೋಗಲೇ ಇಲ್ಲ.

ಸೊಪ್ಪಿನಬೆಟ್ಟ

ಇಷ್ಟು ವಿವರ ನನಗೆ ಎಲ್ಲೂ ಸಿಕ್ಕಿರಲಿಲ್ಲ, ಎಲ್ಲರಿಗೂ ಧನ್ಯವಾದ. ಹೊಸ ಲಸಿಕೆ ನಿಜಕ್ಕೂ ಬರುತ್ತಿದೆಯಾ, ಇಲ್ಲ ಪೇಪರಿನಲ್ಲಿ ಮಾತ್ರವಾ? ಮತ್ತೆ ಚಿಕ್ಕಪ್ಪನಿಗೆ ಜ್ವರ ಬಿಟ್ಟು ಮತ್ತೆ ಬಂದಿದ್ದು ಯಾಕೆ? ಔಷಧಿ ಅಂತ ಏನೂ ಕೊಡಲಿಲ್ಲ, ಬರೀ ಡ್ರಿಪ್ ಮತ್ತು ಪ್ಯಾರಾಸಿಟಮಾಲ್. ಅದೂ ಮನಸ್ಸಿಗೆ ಕೊರೆಯುತ್ತಿದೆ.

ಪುಣೆಯಲ್ಲಿರುವವ

ಬರುತ್ತಿದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಕಂಪನಿ ಸೇರಿ ಮಾಡುತ್ತಿರುವ ಲಸಿಕೆ ಪ್ರಾಣಿಗಳ ಮೇಲಿನ ಪರೀಕ್ಷೆ ದಾಟಿ, ಮನುಷ್ಯರ ಮೇಲಿನ ಮೊದಲ ಹಂತದ ಪ್ರಯೋಗಕ್ಕೆ ಬಂದಿದೆ. ಇದೂ ಸತ್ತ ವೈರಸ್ಸಿನ ಲಸಿಕೆಯೇ. ಆದರೆ ಜೊತೆಗೆ ಅಡ್ಜುವಂಟ್, ಅಂದರೆ ಮೈಯ ಪ್ರತಿಕ್ರಿಯೆ ಜೋರು ಮಾಡುವ ಒಂದು ವಸ್ತು ಸೇರಿಸಿದ್ದಾರೆ. 28 ದಿನದ ಅಂತರದಲ್ಲಿ ಎರಡು ಡೋಸ್. ಮೊದಲ ಹಂತದಲ್ಲಿ ಮುಖ್ಯವಾಗಿ ನೋಡುವುದು ಸುರಕ್ಷಿತವಾ ಅಂತ. ಕಾಯಿಲೆ ತಡೆಯುತ್ತದಾ ಅಂತ ಗೊತ್ತಾಗಲು ಮುಂದಿನ ಹಂತಗಳು ಆಗಬೇಕು. ಹಾಗಾಗಿ ಮುಂದಿನ ಬೇಸಿಗೆಗೆ ಕೈಗೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಅಮೆರಿಕದ ಮೊಂಟಾನಾದಲ್ಲಿರುವ ರಾಕಿ ಮೌಂಟನ್ ಲ್ಯಾಬಿನವರು ಬೇರೆ ದಾರಿ ಹಿಡಿದಿದ್ದಾರೆ. ವಿಎಸ್‌ವಿ ಅನ್ನುವ ಇನ್ನೊಂದು ವೈರಸ್ಸಿಗೆ ಕೆಎಫ್‌ಡಿ ವೈರಸ್ಸಿನ ಹೊರಕವಚದ ಪ್ರೋಟೀನ್ ಜೋಡಿಸಿ ಲಸಿಕೆ ಮಾಡಿದರು. 2021ರಲ್ಲಿ ಇಲಿಗಳಲ್ಲಿ ಕೆಲಸ ಮಾಡಿತು, 2023ರಲ್ಲಿ ಒಂದೇ ಡೋಸ್ ಕೊಟ್ಟ ಮಂಗಗಳಿಗೂ ರಕ್ಷಣೆ ಸಿಕ್ಕಿತು. ಎಬೋಲಾ ಲಸಿಕೆ ಆಗಿದ್ದೂ ಇದೇ ವಿಎಸ್‌ವಿ ವಿಧಾನದಲ್ಲಿ, ಹಾಗಾಗಿ ಸುಮ್ನೆ ಕನಸು ಅಲ್ಲ. ಒಂದೇ ಡೋಸ್ ಅಂದರೆ ಆಶಾ ಅಕ್ಕ ಹೇಳಿದ ತೊಂದರೆ ಅರ್ಧ ಕಡಿಮೆ ಆಗುತ್ತದೆ. ಮನುಷ್ಯರ ತನಕ ಬರಲು ಇನ್ನೂ ದೂರ ಇದೆ.

ಎಲಿಸಾ_ಹುಡುಗಿ

ಎರಡು ಸಲ ಜ್ವರ ಬರುವುದು ಈ ಕಾಯಿಲೆಯಲ್ಲಿ ಗೊತ್ತಿರುವ ಲಕ್ಷಣ, ಎಲ್ಲರಿಗೂ ಅಲ್ಲ, ಕೆಲವರಿಗೆ. ಮೊದಲ ಹಂತದಲ್ಲಿ ಬಿಳಿ ರಕ್ತಕಣ, ಪ್ಲೇಟ್ಲೆಟ್ ಇಳಿಯುತ್ತದೆ, ಕಣ್ಣು ಕೆಂಪಾಗುತ್ತದೆ, ಕೆಲವರಿಗೆ ಮೂಗು, ವಸಡಿನಿಂದ ರಕ್ತ. ಪ್ಲೇಟ್ಲೆಟ್ ನೋಡಿಯೇ ಡೆಂಗಿ ಅಂದುಕೊಳ್ಳುವುದು. ಆಮೇಲೆ ಒಂದೆರಡು ವಾರ ಆರಾಮ. ಮತ್ತೆ ಜ್ವರ ಬಂದಾಗ ತೊಂದರೆ ಮೆದುಳಿನ ಕಡೆ: ತಲೆನೋವು, ನಡುಕ, ಕುತ್ತಿಗೆ ಬಿಗಿತ, ಕಣ್ಣು ಮಂಜು. ಇದು ವೈರಸ್ ಮೆದುಳಿಗೆ ಹೋಗಿ ಮಾಡುವ ಹಾನಿಯಾ, ಇಲ್ಲ ನಮ್ಮದೇ ರೋಗನಿರೋಧಕ ಶಕ್ತಿಯ ಹೊಡೆತವಾ, ಎರಡೂ ಎಷ್ಟೆಷ್ಟು, ಇದು ಇನ್ನೂ ಬಿಡಿಸಬೇಕಾದ ಗಂಟು. ಇಷ್ಟು ಗೊತ್ತಿದೆ: ವೈರಸ್ಸಿನ ಎನ್‌ಎಸ್5 ಅನ್ನುವ ಪ್ರೋಟೀನ್ ನಮ್ಮ ಜೀವಕೋಶಗಳ ಇಂಟರ್‌ಫೆರಾನ್ ಸಂಕೇತಕ್ಕೆ ಅಡ್ಡ ನಿಲ್ಲುತ್ತದೆ. ಇಂಟರ್‌ಫೆರಾನ್ ಅಂದರೆ ವೈರಸ್ ಬಂದಿದೆ ಅಂತ ಜೀವಕೋಶಗಳು ಒಂದಕ್ಕೊಂದು ಕೊಡುವ ಎಚ್ಚರಿಕೆ. ಅದು ತಡವಾದರೆ ವೈರಸ್ಸಿಗೆ ಬೆಳೆಯಲು ಸಮಯ ಸಿಗುತ್ತದೆ. ಇಂಟರ್‌ಫೆರಾನನ್ನೇ ಔಷಧಿಯಾಗಿ ಕೊಟ್ಟರೆ ಗೆಲ್ಲಬಹುದಾ ಅಂದರೆ, ಲ್ಯಾಬಿನ ಪರೀಕ್ಷೆಯಲ್ಲಿ ಅಂಥ ಭರವಸೆ ಕಾಣಲಿಲ್ಲ.

ನಿಮ್ಮ ಚಿಕ್ಕಪ್ಪನಿಗೆ ಔಷಧಿ ಕೊಡಲಿಲ್ಲ ಅನ್ನುವುದು ಆಸ್ಪತ್ರೆಯ ತಪ್ಪಲ್ಲ. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಆದರೆ "ಬರೀ ಡ್ರಿಪ್" ಅಂತ ಕಡೆಗಣಿಸಬೇಡಿ. ನೀರಿನ ಅಂಶ ಸರಿ ಇಡುವುದು, ಬಿಪಿ ನೋಡುವುದು, ರಕ್ತಸ್ರಾವ ಆದರೆ ರಕ್ತದ ಅಂಶ ಕೊಡುವುದು, ಫಿಟ್ಸ್ ಬಂದರೆ ತಡೆಯುವುದು, ಜನ ಬದುಕುವುದು ಇದರಿಂದಲೇ. ಮನೆಯಲ್ಲಿ ಮಾತ್ರ ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಬೇಡಿ. ಮೆಡಿಕಲ್ ಶಾಪಿನಲ್ಲಿ ಮೈಕೈ ನೋವಿಗೆ ಅಂತ ಕೇಳಿದರೆ ಸಾಮಾನ್ಯವಾಗಿ ಅದನ್ನೇ ಕೊಡುತ್ತಾರೆ, ರಕ್ತಸ್ರಾವದ ಅಪಾಯ ಜಾಸ್ತಿಯಾಗುತ್ತದೆ.

ಬೆಂಗ್ಳೂರು_ಬಿಸಿಲು

ಟೆಸ್ಟ್ ತಾಲ್ಲೂಕಿನಲ್ಲೇ ಆಗುವುದಿಲ್ವಾ? ರಕ್ತ ಶಿವಮೊಗ್ಗಕ್ಕೆ ಹೋಗಿ ರಿಸಲ್ಟ್ ಬರುವ ಹೊತ್ತಿಗೆ ದಿನ ಕಳೆದಿರುತ್ತದೆ ಅಲ್ವಾ?

ಎಲಿಸಾ_ಹುಡುಗಿ

ಒಳ್ಳೆ ಪ್ರಶ್ನೆ. ಟಿಬಿ, ಕೋವಿಡ್‌ಗೆ ಬಳಸಿದ ಟ್ರೂನ್ಯಾಟ್ ಯಂತ್ರ ಗೊತ್ತಲ್ಲ, ಬ್ಯಾಟರಿಯಲ್ಲಿ ನಡೆಯುವ ಸಣ್ಣ ಪಿಸಿಆರ್ ಯಂತ್ರ. ಗೋವಾದ ಮೊಲ್ಬಯೊ ಕಂಪನಿ ಮತ್ತು ಎನ್‌ಐವಿ ಸೇರಿ ಅದರಲ್ಲೇ ಕೆಎಫ್‌ಡಿ ಟೆಸ್ಟ್ ಮಾಡುವ ಚಿಪ್ ತಯಾರು ಮಾಡಿದ್ದಾರೆ. ಯಂತ್ರಗಳು ಟಿಬಿಗಾಗಿ ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲಿ ಈಗಾಗಲೇ ಇವೆ. ಚಿಪ್ ಮತ್ತು ತರಬೇತಿ ಪಡೆದ ಟೆಕ್ನಿಶಿಯನ್ ಸೀಸನ್ನಿಗೆ ಮೊದಲೇ ಅಲ್ಲಿರಬೇಕು. ಈ ಚರ್ಚೆಯಲ್ಲಿ ಹೊಸ ಔಷಧಿ, ಹೊಸ ಲಸಿಕೆ ಅಂತ ಎಷ್ಟು ಮಾತಾಡಿದರೂ, ಈಗಲೇ ಜೀವ ಉಳಿಸುವುದು ಜ್ವರ ಬಂದ ಮೊದಲ ಮೂರು ದಿನದಲ್ಲಿ ಊರಿನ ಹತ್ತಿರವೇ ಆಗುವ ಟೆಸ್ಟ್ ಅಂತ ನನ್ನ ಗಟ್ಟಿ ಅಭಿಪ್ರಾಯ. ಗೊತ್ತಾದರೆ ಎರಡನೇ ಜ್ವರಕ್ಕೆ ಮನೆಯವರು ಎಚ್ಚರವಾಗಿರುತ್ತಾರೆ, ತೋಟಕ್ಕೆ ಕಳಿಸುವುದಿಲ್ಲ.

ಘಟ್ಟದ_ಕೆಳಗೆ

ನಾನು ಒಪ್ಪುವುದಿಲ್ಲ. ಟೆಸ್ಟ್ ಬೇಕು, ಆದರೆ ಕಾಯಿಲೆ ಬಂದಮೇಲಿನ ಮಾತು ಅದು. ಬರದ ಹಾಗೆ ಮಾಡುವುದು ಡೆಪಾ ಎಣ್ಣೆ, ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಎಣ್ಣೆ. ನಮ್ಮ ಕಡೆ ಎಣ್ಣೆ ಬರುವುದು ಮೊದಲ ಕೇಸ್ ಬಂದಮೇಲೆ. ಅಷ್ಟು ಹೊತ್ತಿಗೆ ಅರ್ಧ ಊರು ಕಾಡಿಗೆ ಹೋಗಿ ಬಂದಿರುತ್ತದೆ.

ಊರಿನ_ಆಶಾ

ಎರಡೂ ಬೇಕು, ಜಗಳ ಬೇಡ. ಎಣ್ಣೆ ಬಾಟಲಿ ನಮ್ಮ ಕೈಗೆ ನವೆಂಬರಿನಲ್ಲೇ ಬರಬೇಕು. ಹಚ್ಚುವುದನ್ನೂ ತೋರಿಸಿಕೊಡಬೇಕು, ಸುಮ್ನೆ ಬಾಟಲಿ ಕೊಟ್ಟರೆ ಅಟ್ಟಕ್ಕೆ ಹೋಗುತ್ತದೆ. ಪಾದದಿಂದ ಮೊಣಕಾಲು ತನಕ, ಕೈ, ಕುತ್ತಿಗೆ ಹಿಂದೆ. ಬೆವರಿದರೆ ಹೋಗುತ್ತದೆ, ಮಧ್ಯಾಹ್ನ ಇನ್ನೊಂದು ಸಲ ಹಚ್ಚಬೇಕು. ವಾಸನೆ ಅಂತ ಗಂಡಸರು ಹಚ್ಚಿಕೊಳ್ಳುವುದಿಲ್ಲ, ಹೆಂಗಸರು ಹೇಳಿದರೆ ಹಚ್ಚಿಕೊಳ್ಳುತ್ತಾರೆ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ. ಕಾಡಿಂದ ಬಂದ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳಬೇಡಿ.

ತೀರ್ಥಹಳ್ಳಿ_ತೋಟ

ನಮ್ಮ ಪಂಚಾಯ್ತಿ ಗ್ರಾಮಸಭೆಯಲ್ಲಿ ಎರಡನ್ನೂ ಬರೆದು ಕೊಡೋಣ ಅಂತ ಇದ್ದೇವೆ: ಎಣ್ಣೆ ನವೆಂಬರ್ ಒಳಗೆ, ತಾಲ್ಲೂಕು ಆಸ್ಪತ್ರೆಯ ಟ್ರೂನ್ಯಾಟ್‌ಗೆ ಕೆಎಫ್‌ಡಿ ಚಿಪ್ ಡಿಸೆಂಬರ್ ಒಳಗೆ. @ಎಲಿಸಾ_ಹುಡುಗಿ, ಚಿಪ್ಪಿನ ಬಗ್ಗೆ ಅರ್ಜಿಯಲ್ಲಿ ಏನಂತ ಬರೆಯಬೇಕು, ನಾಲ್ಕು ಸಾಲು ಬರೆದು ಕೊಡುತ್ತೀರಾ?

ಎಲಿಸಾ_ಹುಡುಗಿ

ಖಂಡಿತ. ಇವತ್ತು ರಾತ್ರಿ ಮೆಸೇಜ್ ಮಾಡುತ್ತೇನೆ. ಪಶು ಇಲಾಖೆಯವರಿಗೂ ಒಂದು ಪ್ರತಿ ಕೊಡಿ, ದನಕ್ಕೆ ಔಷಧಿ ಹಾಕಿಸುವುದು ಅವರ ಕೈಯಲ್ಲೇ ಇರುವುದು.

ಸೊಪ್ಪಿನಬೆಟ್ಟ

ನನಗೂ ಕಳಿಸಿ ಮೇಡಂ. ನಮ್ಮ ಪಂಚಾಯ್ತಿಗೂ ಕೊಡುತ್ತೇನೆ.